ಇಂಪ್ಲಾಂಟ್ ಮೇಲಿನ ಬಯೋಫಿಲ್ಮ್‌ಗೆ ‘ಪಾಚಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಲ್ಲಿನ ಇಂಪ್ಲಾಂಟ್ ಹಾಕಿಸಿಕೊಳ್ಳುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಮೊದಲನೆಯದು ಬಯೋಫಿಲ್ಮ್. ಟೈಟಾನಿಯಂ ಅಬಟ್‌ಮೆಂಟ್ (ಇಂಪ್ಲಾಂಟ್‌ಗೂ ಮೇಲಿನ ಕೃತಕ ಹಲ್ಲಿಗೂ ನಡುವಿನ ಜೋಡಣೆಯ ತುಂಡು) ಆಗಲಿ, ಒಸಡು ಮಾಯುವವರೆಗೆ ಹಾಕಿಡುವ ಹೀಲಿಂಗ್ ಕ್ಯಾಪ್ ಆಗಲಿ, ಬಾಯಿಯೊಳಗೆ ಹೋದ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಜೊಲ್ಲಿನ ಪ್ರೋಟೀನ್ ಮೆತ್ತಿಕೊಳ್ಳುತ್ತದೆ. ಮೊದಲು ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಬಂದು ಕೂರುತ್ತವೆ, ಆಮೇಲೆ ಉಳಿದವು. ಎಲ್ಲ ಸೇರಿ ಸುತ್ತಲೂ ಲೋಳೆ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಕ್ಲೋರ್‌ಹೆಕ್ಸಿಡೀನ್ ಅನ್ನುವ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯಲ್ಲಿ ಬಾಯಿ ಮುಕ್ಕಳಿಸಿದರೂ ಲೋಳೆಯ ಆಳದಲ್ಲಿರುವವು ಬದುಕಿಕೊಳ್ಳುತ್ತವೆ. ಹೀಗೇ ಬಿಟ್ಟರೆ ಒಸಡು ಊದಿಕೊಂಡು, ಕೊನೆಗೆ ಇಂಪ್ಲಾಂಟ್ ಹಿಡಿದಿರುವ ಮೂಳೆಯೇ ಸವೆಯಬಹುದು.

‘ಜೈವಿಕ ಪದರ’ ಅಂದರೆ ಓದುವವರಿಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಬರೀ ‘ಲೋಳೆ’ ಅಂದರೆ ಕಫ ನೆನಪಾಗುತ್ತದೆ. ಆದರೆ ‘ಹಲ್ಲು ಪಾಚಿ ಕಟ್ಟಿದೆ’ ಅನ್ನೋ ಮಾತು ಮನೆಮನೆಯಲ್ಲೂ ಇದೆ ಅಲ್ವಾ? 1683ರಲ್ಲಿ ಡಚ್ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ ತನ್ನ ಹಲ್ಲಿನಿಂದ ಕೆರೆದು ಮಸೂರದಡಿ ನೋಡಿದ್ದೂ ಇದನ್ನೇ. ಪಾಚಿ ಉಜ್ಜದೆ ಹೋಗುವುದಿಲ್ಲ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಹಸಿರು ಪಾಚಿಯೇ ಬೇರೆ ಅನ್ನುವ ತಕರಾರು ಬರಬಹುದು. ‘ಬ್ಯಾಕ್ಟೀರಿಯಾ ಪಾಚಿ’ ಅಂದರೆ ಆ ಗೊಂದಲ ತಪ್ಪುತ್ತದೆ ಅಂತ ನನಗನ್ನಿಸುತ್ತದೆ.

ನನಗೆ ಜಾಸ್ತಿ ಕಷ್ಟವಾಗಿರುವುದು ಎರಡನೆಯದು, ಡಿಸ್‌ಇನ್ಫೆಕ್ಟ್. ‘ಸೋಂಕು ನಿವಾರಣೆ’ ಅನ್ನುತ್ತೇವೆ, ಆದರೆ ಸೋಂಕು ತಗಲುವುದು ಮನುಷ್ಯನಿಗೆ, ಇಂಪ್ಲಾಂಟ್‌ಗೆ ಕೂರಿಸುವ ಲೋಹದ ತಿರುಪಿಗಲ್ಲ. ‘ಕ್ರಿಮಿನಾಶಕ’ ಅಂದರೆ ಹೊಲಕ್ಕೆ ಹೊಡೆಯುವ ಔಷಧಿ. ಅದೂ ಅಲ್ಲದೆ ಈ ಪದ ಕೊಲ್ಲುವ ಮಾತನ್ನಷ್ಟೇ ಆಡುತ್ತದೆ. ಬಳಸಿದ ಹೀಲಿಂಗ್ ಕ್ಯಾಪನ್ನು ಸುಮ್ನೆ ಆಟೊಕ್ಲೇವ್‌ಗೆ (ಒತ್ತಡದ ಹಬೆಯ ಯಂತ್ರಕ್ಕೆ) ಹಾಕಿ 121 ಡಿಗ್ರಿ ಹಬೆಯಲ್ಲಿ 15 ನಿಮಿಷ ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಅವುಗಳ ಅವಶೇಷ ಲೋಹಕ್ಕೆ ಅಂಟಿಕೊಂಡೇ ಇರಬಹುದು. ಕ್ಯಾಪಿನ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರಿಸುವ ಆ ಪುಟ್ಟ ಕುಳಿಯೊಳಗಂತೂ ಬ್ರಷ್ ಇಳಿಯುವುದೇ ಕಷ್ಟ. ಅದಕ್ಕೇ ಮೊದಲು ಉಜ್ಜಿ ತೆಗೆಯಬೇಕು, ಆಮೇಲೆ ಕೊಲ್ಲಬೇಕು.

ಈ ಎರಡೂ ಕೆಲಸ ಒಳಗೊಂಡ ಒಂದು ಕ್ರಿಯಾಪದ ಸಿಗಬಹುದೇ? ‘ಶುದ್ಧಿ ಮಾಡು’ ಅಂದರೆ ಪೂಜೆಯ ವಾಸನೆ ಬರುತ್ತದೆ. ಸದ್ಯಕ್ಕೆ ‘ಪಾಚಿ ತೆಗೆದು ಸ್ಟೆರೈಲ್ ಮಾಡಿ’ ಅಂತ ಬರೆದಿಟ್ಟಿದ್ದೇನೆ. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಹಲ್ಲಿನ ಪಾಚಿಗೆ ಏನನ್ನುತ್ತೀರಿ, ಅದನ್ನೂ ದಯವಿಟ್ಟು ತಿಳಿಸಿ.