ವಾಸು ಮಾವನ ಕಿತ್ತಳೆ ಬಣ್ಣದ ಮಾತ್ರೆ

ಅಜ್ಜಿಮನೆ ಬಳಗ, ಭಾನುವಾರ ಬೆಳಿಗ್ಗೆ

ವಾಸು ಮಾವ: "ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್ ಈಗ ಮಾತ್ರೆಯಲ್ಲಿ! ಶ್ವಾಸಕೋಶದ ಕೊಳೆ ತೊಳೆಯುತ್ತದೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ. ಹತ್ತು ಜನರಿಗೆ ಕಳುಹಿಸಿ." ಎರಡು ಡಬ್ಬಿ ತರಿಸಿದ್ದೇನೆ. ಬೇಕಾದವರು ಹೇಳಿ.

ಶಾರದ ಚಿಕ್ಕಮ್ಮ: ನನಗೊಂದು ಇಡು ಅಣ್ಣ.

ನಾನು: ಮಾವ, ಯಾರು ನುಂಗಿದರೂ ನೀವು ನುಂಗಬೇಡಿ. ನೀವು ಸಿಗರೇಟು ಸೇದುವವರು.

ವಾಸು ಮಾವ: ಸೇದುವುದರಿಂದಲೇ ತರಿಸಿದ್ದು! ಕ್ಯಾರೆಟ್ಟಿನಲ್ಲಿ ವಿಷವಿದೆಯೇನು?

ನಾನು: ಕ್ಯಾರೆಟ್ಟನ್ನು ಕೋಸಂಬರಿ ಮಾಡಿಸಿಕೊಂಡು ತಿನ್ನಿ, ಬೇಡ ಎಂದವರು ಯಾರು? ಫಿನ್ಲೆಂಡಿನಲ್ಲೂ ನಿಮ್ಮ ಹಾಗೆಯೇ ಆಸೆಪಟ್ಟು 29,133 ಗಂಡಸರ ಮೇಲೆ ಪರೀಕ್ಷೆ ಮಾಡಿದರು. ಎಲ್ಲರೂ ಧೂಮಪಾನಿಗಳು. ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಉಳಿದವರಿಗೆ ಅದಿಲ್ಲ. ಯಾರ ಮಾತ್ರೆಯಲ್ಲಿ ಏನಿದೆ ಎಂಬುದು ನುಂಗಿದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. 1994ರಲ್ಲಿ ಲೆಕ್ಕ ತೆಗೆದಾಗ, ಬೀಟಾ ಕ್ಯಾರೋಟಿನ್ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು!

ಗಿರೀಶ: ಒಂದು ಪರೀಕ್ಷೆ ತಾನೇ ಸುಮಾ. ಕಾಕತಾಳೀಯವೂ ಇರಬಹುದು.

ನಾನು: ಅಮೆರಿಕದಲ್ಲಿ ಧೂಮಪಾನಿಗಳಿಗೂ ಆಸ್ಬೆಸ್ಟಾಸ್ ದೂಳಿನಲ್ಲಿ ದುಡಿದವರಿಗೂ ಇದನ್ನೇ ವಿಟಮಿನ್ ಎ ಜೊತೆ ಕೊಟ್ಟರು. ಅಲ್ಲಿ ಶೇ 28 ಹೆಚ್ಚು. 1996ರಲ್ಲಿ, ಅವಧಿ ಮುಗಿಯುವ ಮೊದಲೇ ನಿಲ್ಲಿಸಿದರು.

ಶಾರದ ಚಿಕ್ಕಮ್ಮ: ನಾನು ಸೇದುವುದಿಲ್ಲವಲ್ಲ, ನನಗೆ ಆಗುತ್ತದೆಯೇ?

ನಾನು: 22,071 ವೈದ್ಯರು ಸುಮಾರು 12 ವರ್ಷ ಪಾಲ್ಗೊಂಡ ಪರೀಕ್ಷೆಯೂ ಇದೆ ಚಿಕ್ಕಮ್ಮ. ಅವರಲ್ಲಿ ಸೇದುವವರು ಕಡಿಮೆ. ಲಾಭವೂ ಇಲ್ಲ, ಹಾನಿಯೂ ಇಲ್ಲ.

ವಾಸು ಮಾವ: ತರಕಾರಿ ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಎಂದು ಪತ್ರಿಕೆಯಲ್ಲೇ ಓದಿದ್ದೇನೆ. ಅದೂ ಸುಳ್ಳೋ?

ನಾನು: ಸುಳ್ಳಲ್ಲ. ಎಲ್ಲರೂ ಎಡವಿದ್ದು ಅಲ್ಲಿಯೇ. ತರಕಾರಿ ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಸೇದುವುದೂ ಕಡಿಮೆ, ನಡೆಯುವುದು ಹೆಚ್ಚು. ತರಕಾರಿಯಲ್ಲಿ ಇರುವುದೂ ಇದೊಂದೇ ಅಲ್ಲ. ಅಷ್ಟರ ಪುಣ್ಯವನ್ನೂ ಬೀಟಾ ಕ್ಯಾರೋಟಿನ್ ಖಾತೆಗೆ ಜಮೆ ಮಾಡಿಬಿಟ್ಟರು.

ಪದ್ಮ ಅತ್ತೆ: ಹಾಗಾದರೆ ನನ್ನ ಬಿ12 ಮಾತ್ರೆಯನ್ನೂ ನಿಲ್ಲಿಸಲೇ?

ನಾನು: ಅಯ್ಯೋ ಬೇಡ ಅತ್ತೆ! ನೀವು ಸಸ್ಯಾಹಾರಿ, ಆ ಊಟದಲ್ಲಿ ಬಿ12 ಸಿಗುವುದೇ ಕಡಿಮೆ; ಸಾಲದ್ದಕ್ಕೆ ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಅದರಿಂದ ದೇಹ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡ ಮೇಲೆ ತಾನೇ ವೈದ್ಯರು ಬರೆದುಕೊಟ್ಟದ್ದು?

ಗಿರೀಶ: ಮಾವನದು ಬೇಡ, ಅತ್ತೆಯದು ಬೇಕು. ಒಳ್ಳೆಯ ನ್ಯಾಯ!

ನಾನು: ಪರೀಕ್ಷೆಯಲ್ಲಿ ಗೆದ್ದದ್ದನ್ನು ಗೆದ್ದಿತು ಎನ್ನಲು ನನಗೇನು ಬೇಸರ? ಬೆನ್ನುಹುರಿಯ ದೋಷವಿದ್ದ ಮಗು ಹಿಂದೆ ಹುಟ್ಟಿದ್ದ ತಾಯಂದಿರಿಗೆ ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟು ನೋಡಿದರು. 1991ರ ಫಲಿತಾಂಶದಲ್ಲಿ ಆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತ್ತು. ಅದೂ ವಿಟಮಿನ್ನೇ. ನಿನ್ನ ಹೆಂಡತಿಗೂ ಕೊಟ್ಟಿದ್ದರಲ್ಲ, ನೀನೇ ತಂದುಕೊಟ್ಟದ್ದು ಮರೆತೆಯಾ?

ಶಾರದ ಚಿಕ್ಕಮ್ಮ: ಅಣ್ಣ, ನನ್ನ ಡಬ್ಬಿ ನಿನಗೇ ಇರಲಿ.

ವಾಸು ಮಾವ: ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.

ಪದ್ಮ ಅತ್ತೆ: ಡಬ್ಬಿ ಹಾಗಿರಲಿ. ಯುಗಾದಿಗೇ ಸಿಗರೇಟು ಬಿಟ್ಟೆ ಎಂದವರು ಮೇಲೆ "ಸೇದುವುದರಿಂದಲೇ" ಎಂದು ಬರೆದಿದ್ದೀರಲ್ಲ?

ವಾಸು ಮಾವ: ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಆಮೇಲೆ ನೋಡುತ್ತೇನೆ.