ಲಾವಾವನ್ನು ಬಾಹ್ಯಾಕಾಶದಲ್ಲಿ ಬಿಟ್ಟರೆ ತಕ್ಷಣ ಕಲ್ಲಾಗುತ್ತದಾ?

ರಾತ್ರಿಹಕ್ಕಿ:
ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. 1200 ಡಿಗ್ರಿ ಬಿಸಿಯ ಲಾವಾ, ಒಂದು ಬಕೆಟ್‌ನಷ್ಟು, ಯಾವ ಗ್ರಹವೂ ಹತ್ತಿರ ಇಲ್ಲದ ಕಡೆ ಸುಮ್ನೆ ತೇಲಲು ಬಿಟ್ಟರೆ ಏನಾಗುತ್ತದೆ? ಅಲ್ಲಿ ಮೈನಸ್ 270 ಡಿಗ್ರಿ ಅಂತಾರೆ. ಹಾಗಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಗಬೇಕು, ಅಲ್ವಾ?

ಕಲ್ಲುಮಣ್ಣು:
ಪೂರ್ತಿ ಆಗುವುದಿಲ್ಲ. ಸುತ್ತ ಚಳಿ ಇದ್ದರೆ ಸಾಲದು, ಬಿಸಿಯನ್ನು ಹೊತ್ತೊಯ್ಯಲು ಗಾಳಿಯೋ ನೀರೋ ಬೇಕು. ಅಲ್ಲಿ ಎರಡೂ ಇಲ್ಲ. ಥರ್ಮಾಸ್ ಫ್ಲಾಸ್ಕ್‌ನ ಗೋಡೆಗಳ ನಡುವೆ ಗಾಳಿ ತೆಗೆದಿರುವುದೂ ಇದಕ್ಕೇ. ಉಳಿಯುವ ದಾರಿ ವಿಕಿರಣ ಒಂದೇ, ಆದರೆ ಅಷ್ಟು ಬಿಸಿಯಲ್ಲಿ ಅದೇ ಭಾರೀ ಜೋರು: ಒಂದು ಚದರ ಮೀಟರ್‌ನಿಂದ 200 ಕಿಲೋವ್ಯಾಟ್‌ಗಿಂತ ಜಾಸ್ತಿ ಶಾಖ ಹೊರಗೆ ಹೋಗುತ್ತದೆ. ಹಾಗಾಗಿ ಮೇಲೆ ಬೇಗನೆ ತೆಳು ಸಿಪ್ಪೆ ಕಟ್ಟುತ್ತದೆ. ಆಮೇಲೆ ಆ ಸಿಪ್ಪೆಯೇ ಒಳಗಿನ ಬಿಸಿಗೆ ಕಂಬಳಿ, ಯಾಕೆಂದರೆ ಕಲ್ಲಿನೊಳಗೆ ಶಾಖ ತುಂಬಾ ನಿಧಾನವಾಗಿ ಸಾಗುತ್ತದೆ. ನನ್ನ ಸ್ಥೂಲ ಲೆಕ್ಕದಲ್ಲಿ ಒಂದು ಮಿಲಿಮೀಟರ್ ಹನಿಗೆ ಕೆಲವು ಸೆಕೆಂಡು ಸಾಕು, ಮನೆಯಷ್ಟು ದೊಡ್ಡ ಉಂಡೆಯ ನಡುಭಾಗಕ್ಕೆ ತಿಂಗಳುಗಳೇ ಬೇಕು.

ನಿಹಾರಿಕೆ:
ಇದಕ್ಕೂ ಮೊದಲು ಇನ್ನೊಂದು ನಡೆಯುತ್ತದೆ, ನನಗೆ ಅದೇ ಜಾಸ್ತಿ ಇಷ್ಟ. ಭೂಮಿಯ ಲಾವಾದಲ್ಲಿ ನೀರು, ಕಾರ್ಬನ್ ಡೈಆಕ್ಸೈಡ್, ಗಂಧಕದ ಅನಿಲಗಳು ಕರಗಿರುತ್ತವೆ. ಹೊರಗೆ ಒತ್ತಡವೇ ಇಲ್ಲದಾಗ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಅವೆಲ್ಲ ಒಮ್ಮೆಲೇ ಗುಳ್ಳೆಯಾಗಿ ಹೊರಗೆ ನುಗ್ಗುತ್ತವೆ. ಲಾವಾ ನೊರೆಯಾಗಿ ಉಬ್ಬಿ ಚೂರಾಗುತ್ತದೆ, ದ್ರವವಾಗಿಯೇ ಉಳಿದ ಪ್ರತಿ ಹನಿಯನ್ನೂ ಮೇಲ್ಮೈ ಸೆಳೆತ ದುಂಡಗೆ ಮಾಡುತ್ತದೆ.

ಇದು ಬರೀ ಊಹೆ ಅಲ್ಲ. 1972ರಲ್ಲಿ ಅಪೊಲೊ 17ರ ಹ್ಯಾರಿಸನ್ ಸ್ಮಿಟ್ ಚಂದ್ರನ ಮೇಲೆ ಕಿತ್ತಳೆ ಬಣ್ಣದ ಮಣ್ಣು ಕಂಡರು. ಅದರ ತುಂಬ ಸಣ್ಣ ಸಣ್ಣ ಗಾಜಿನ ಮಣಿಗಳು. 350 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಲಾವಾ ಕಾರಂಜಿಯಂತೆ ಚಿಮ್ಮಿ, ಹರಳುಗಟ್ಟಲು ಪುರುಸೊತ್ತೇ ಸಿಗದೆ ಗಾಜಾದ ಹನಿಗಳು ಅವು. ಅವುಗಳ ಜೊತೆಗೆ ಕಪ್ಪು ಮಣಿಗಳೂ ಇವೆ, ಅದೇ ಲಾವಾ, ಹರಳು ಮೂಡಿದ್ದು ಅಷ್ಟೇ ವ್ಯತ್ಯಾಸ.

ರಾತ್ರಿಹಕ್ಕಿ:
ಅಬ್ಬಾ, ಮಣಿಗಳ ವಿಷಯ ಗೊತ್ತೇ ಇರಲಿಲ್ಲ! ಒಂದೇ ಒಂದು ಕೇಳುತ್ತೇನೆ, ಲಾವಾ ಆವಿಯಾಗಿ ಹೋಗುವುದಿಲ್ಲವಾ?

ಕಲ್ಲುಮಣ್ಣು:
ಸ್ವಲ್ಪ ಹೋಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಮೊದಲು ಹಾರುತ್ತವೆ. ಸಿಲಿಕಾನ್, ಅಲ್ಯೂಮಿನಿಯಂ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ, ಅಷ್ಟರಲ್ಲಿ ಸಿಪ್ಪೆ ಕಟ್ಟಿ ಬಾಗಿಲು ಮುಚ್ಚಿರುತ್ತದೆ.