ಪಾರ್ಕರ್ ಹಿಂದೆ ಸರಿದನೋ ಇಲ್ಲವೋ

ದೊಡ್ಡಪ್ಪ: (ಫಾರ್ವರ್ಡ್) 🔥 1775 ಏಪ್ರಿಲ್ 19, ಅಮೆರಿಕದ ಲೆಕ್ಸಿಂಗ್ಟನ್. ರೈತ ಜಾನ್ ಪಾರ್ಕರ್, ಊರ ಪಡೆಯ ಕ್ಯಾಪ್ಟನ್. ಜೊತೆಗೆ ಬರೀ 77 ಜನ, ಎದುರಿಗೆ ಬ್ರಿಟಿಷ್ ಸೈನ್ಯ! "ನಿಂತಲ್ಲೇ ನಿಲ್ಲಿ. ಯುದ್ಧವೇ ಬೇಕಿದ್ದರೆ ಇಲ್ಲಿಂದಲೇ ಶುರುವಾಗಲಿ" ಎಂದ. ಒಬ್ಬರೂ ಹಿಂದೆ ಸರಿಯಲಿಲ್ಲ! ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ಈಗಿನ ಹುಡುಗರು ಓದಬೇಕು. ಕಷ್ಟ ಅಂದ ಕೂಡಲೇ ಊರು ಬಿಡೋರು.

ಮಾವ: 🙏🙏

ಪುಟ್ಟಿ: ದೊಡ್ಡಪ್ಪ, ಇದಕ್ಕೆ ಆಧಾರ ಏನು? ಆ ಮಾತು ಬರಹದಲ್ಲಿ ಸಿಗೋದು ಎಷ್ಟೋ ದಶಕ ಆದಮೇಲೆ. ಏಪ್ರಿಲ್ 25ಕ್ಕೇ ಪಾರ್ಕರ್ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಇದೆ. ಚದುರಿ ಹೋಗಿ, ಗುಂಡು ಹಾರಿಸಬೇಡಿ ಅಂತಲೇ ನಮ್ಮವರಿಗೆ ಹೇಳಿದೆ ಅಂದಿದ್ದಾನೆ.

ದೊಡ್ಡಪ್ಪ: ಚಿಕ್ಕವಳಿದ್ದಾಗಿಂದ ನಿಂದು ಇದೇ. ದೊಡ್ಡವರು ಒಂದು ಹೇಳಿದರೆ ಹತ್ತು ಕೇಳ್ತೀಯ.

ಅಣ್ಣ (ಬಾಸ್ಟನ್): ಅಪ್ಪ, ಆ ಮೈದಾನ ನಮ್ಮನೆಗೆ ಹತ್ತಿರ. ಆ ಮಾತನ್ನ ಬಂಡೆ ಮೇಲೇ ಕೆತ್ತಿದ್ದಾರೆ.

ದೊಡ್ಡಪ್ಪ: ನೋಡಿದೆಯಾ ಪುಟ್ಟಿ!!

ಪುಟ್ಟಿ: ಕೆತ್ತಿದವರು ಅವತ್ತು ಅಲ್ಲಿರಲಿಲ್ಲ ದೊಡ್ಡಪ್ಪ.

ಅಣ್ಣ (ಬಾಸ್ಟನ್): ಪೂರ್ತಿ ಓದಿ ಅಪ್ಪ, ಅವಳು ಹೇಳ್ತಿರೋದು ಸರಿ. ಬೆಳಗಾಗೋ ಹೊತ್ತಿಗೆ 8 ಜನ ಸತ್ತಿದ್ದರು. ಪಾರ್ಕರ್‌ನ ದಾಯಾದಿ ಜೋನಸ್‌ನನ್ನ ಬಂದೂಕಿನ ಈಟಿಯಿಂದ ತಿವಿದು ಕೊಂದರು. ಪಾರ್ಕರ್‌ಗೆ ಆಗಲೇ ಕ್ಷಯ. ಆದರೂ ಮಧ್ಯಾಹ್ನ ಉಳಿದವರನ್ನ ಕಟ್ಟಿಕೊಂಡು, ಕಾಂಕರ್ಡ್‌ನಿಂದ ವಾಪಸ್ ಬರ್ತಿದ್ದ ಅದೇ ಸೈನ್ಯದ ಮೇಲೆ ಬಿದ್ದ. ಬೆಳಿಗ್ಗೆ ಎಲ್ಲರನ್ನೂ ಸಾಯಿಸಿದ್ದರೆ ಮಧ್ಯಾಹ್ನಕ್ಕೆ ಯಾರಿರ್ತಿದ್ದರು? ಸೆಪ್ಟೆಂಬರ್‌ನಲ್ಲಿ ತೀರಿಕೊಂಡ, 46 ವರ್ಷಕ್ಕೆ.

ಅತ್ತೆ: ಅಲ್ಲೂ ಗಂಟೆ ಹೊಡೆದೇ ಜನ ಸೇರಿಸಿದ್ದಂತಲ್ಲ? ನಮ್ಮೂರ ಬಸವಣ್ಣನ ಗುಡಿ ಗಂಟೆ ನೆನಪಾಯ್ತು. ಬಣವೆಗೆ ಬೆಂಕಿ ಬಿದ್ದ ರಾತ್ರಿ ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ ಓಡಿದ್ದು, ಅಮ್ಮ ಎಲ್ಲರಿಗೂ ಅವಲಕ್ಕಿ ಕಲೆಸಿ ಕೊಟ್ಟಿದ್ದು...

ಮಾವ: ಬಣವೆ ಅಲ್ಲ, ಕೊಟ್ಟಿಗೆ.

ದೊಡ್ಡಪ್ಪ: ಬೇಲಿ ವಿಷಯದಲ್ಲೂ ನೀನು ಹೀಗೇ ಅಂದೆ, "ಬಿಟ್ಟುಬಿಡಿ ಅಪ್ಪ" ಅಂತ. ಪಂಚಾಯ್ತಿ ದಿನ ನಾನೊಬ್ಬನೇ ಹೋಗಿ ನಿಂತೆ.

ಅಣ್ಣ (ಬಾಸ್ಟನ್): ಎರಡಡಿ ಜಾಗಕ್ಕೆ ಬಿಪಿ ಏರಿಸಿಕೊಂಡು ಆಸ್ಪತ್ರೆ ಸೇರಿದ್ರಲ್ಲ ಅಪ್ಪ. ನನಗೆ ಜಾಗ ಬೇಡ, ನೀವು ಬೇಕು.

ಅತ್ತೆ: ಬೇಲಿ ಮಾತು ಗ್ರೂಪಲ್ಲಿ ಬೇಡ ಅಂತ ಯುಗಾದಿ ದಿನವೇ ತೀರ್ಮಾನ ಆಗಿತ್ತು. ಸಾಕು ಮಾಡಿ.

ಪುಟ್ಟಿ: ದೊಡ್ಡಪ್ಪ, ಆ ಫಾರ್ವರ್ಡ್ ಡಿಲೀಟ್ ಮಾಡಿ, ಪ್ಲೀಸ್.

ದೊಡ್ಡಪ್ಪ: ಮಾಡಲ್ಲ. ಕ್ಷಯ ಇಟ್ಕೊಂಡೇ ಮಧ್ಯಾಹ್ನ ಮತ್ತೆ ಬಂದ ಅಂತ ನಿಮ್ಮಣ್ಣ ಹೇಳಿದನಲ್ಲ, ಅಷ್ಟನ್ನ ಬೇರೆ ಬರೆದು ಕಳಿಸು. ವಾಕಿಂಗ್ ಗ್ರೂಪಿಗೆ ಹಾಕಬೇಕು.